ಕುದುರೆ ಬೆರಳಿನ ಕಸರತ್ತು

ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಪತಿದೇವರಾದ ವಾದಿರಾಜರು ನನ್ನ ಕೈ ಹಿಡಿದು ಕೂತದ್ದು ತೊಂಬತ್ತೆಂಟರ ಜನವರಿಯಲ್ಲೇ. ಅದೂ ಪ್ರೀತಿಯಿಂದಲ್ಲ, ತಪಾಸಣೆಗೆ. (ಇವರು ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾರೆ. ವಿಮಾನದ ರೆಕ್ಕೆ ನೋಡುವ ಕಣ್ಣಿನಿಂದಲೇ ನನ್ನ ಚಪಾತಿಯನ್ನೂ ನೋಡುತ್ತಾರೆ.)

ಆದದ್ದು ಇಷ್ಟೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಬಲಗೈಯ ಉಂಗುರದ ಬೆರಳು ಮಡಚಿದ್ದು ಮಡಚಿದಂತೆಯೇ ನಿಂತಿತ್ತು. ಎಡಗೈಯಿಂದ ಎತ್ತಿದೆ. 'ಟಕ್' ಎಂದು ನೆಟ್ಟಗಾಯಿತು. ಜೊತೆಗೆ ಜೀವ ಬಾಯಿಗೆ ಬಂತು. ಇಂದಿರಾನಗರದ ಫಿಸಿಯೋಥೆರಪಿಸ್ಟ್ ಜಹನಾರಾ ಅವರು ನೋಡಿ, ಇದು 'ಟ್ರಿಗರ್ ಫಿಂಗರ್', ಬಂದೂಕಿನ ಕುದುರೆ ಎಳೆದ ಹಾಗೆ ಟಕ್ಕೆನ್ನುವುದರಿಂದ ಆ ಹೆಸರು ಎಂದರು.

"ಎರಡೇ ಮಾತು ನೆನಪಿಟ್ಕೊಳ್ಳಿ. ಮೊದಲ್ನೇದು ರೆಸ್ಟ್. ಬಟ್ಟೆ ಹಿಂಡೋದು, ಕಾಯಿ ತುರಿಯೋದು, ಏನನ್ನಾದ್ರೂ ಬಿಗಿಯಾಗಿ ಹಿಡಿಯೋದು ಬೇಡ. ಎರಡ್ನೇದು ಎಕ್ಸರ್‌ಸೈಜ್. ಬಿಸಿನೀರಲ್ಲಿ ಕೈ ಇಟ್ಟು, ಐದು ಬೆರಳೂ ಅಗಲಿಸಿ, ಕೊಕ್ಕೆ ಥರ ಮಡಚಿ, ಆಮೇಲೆ ಮುಷ್ಟಿ. ಎಲ್ಲಾ ಮೆತ್ತಗೆ."

ನಾನು ಮೊದಲನೆಯದನ್ನು ಕೇಳಿಸಿಕೊಂಡೆ. ಇವರು ಎರಡನೆಯದನ್ನು ಕೇಳಿಸಿಕೊಂಡರು.

ಕಗ್ಗದಾಸಪುರದ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಇವರು ಕಾಯಿಲೆಯ ಹೆಸರು ಹೇಳಿದರು. "ಬೆರಳಿಗೆ ಕುದುರೆ ಬಂದಿದೆ ಅಂದ್ರೆ ಏನೋ ಅದು? ಈ ಕುದುರೆ ಕುದುರೋದು ಯಾವಾಗ?"

"ನಾನು ಕುದುರಿಸ್ತೀನಿ ಅಮ್ಮ," ಎಂದರು ಇವರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಹಾಲು ಬರುವ ಮೊದಲೇ ಮಂಚದ ಪಕ್ಕ ಬಿಸಿನೀರಿನ ಪಾತ್ರೆ ಪ್ರತ್ಯಕ್ಷವಾಗುತ್ತಿತ್ತು. ಅಗಲಿಸು, ಕೊಕ್ಕೆ, ಮುಷ್ಟಿ. ಒಲೆಯ ಮುಂದೆಯೂ ಅಗಲಿಸು, ಕೊಕ್ಕೆ, ಮುಷ್ಟಿ.

"ರೀ, ಸಾರು ಉಕ್ತಿದೆ."

"ಉಕ್ಲಿ. ನಿನ್ನ ಕೊಕ್ಕೆ ಇನ್ನೂ ಸರಿಯಾಗಿಲ್ಲ."

"ಬಟ್ಟೆ ಹಿಂಡ್ಬೇಡಿ ಅಂತ ಅವರು ಹೇಳಿದ್ರಲ್ಲ, ಅದರ ಕಥೆ ಏನು?"

"ಬಿಗಿಯಾಗಿ ಹಿಡೀಬೇಡ ಅಂದ್ರು. ಮೆತ್ತಗೆ ಹಿಂಡು."

ಮೆತ್ತಗೆ ಹಿಂಡಿದ ಪ್ಯಾಂಟು ಒಣಗದೆ, ಇವರು ಒದ್ದೆ ಪ್ಯಾಂಟಿನಲ್ಲೇ ಡ್ಯೂಟಿಗೆ ಹೋದರು. ಅದೊಂದು ಸಮಾಧಾನ.

ಸಂಕ್ರಾಂತಿಯ ಹಿಂದಿನ ಭಾನುವಾರ ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದೆವು. ನಮ್ಮ ಖಾಯಂ ತರಕಾರಿಯ ಮುನಿಕೃಷ್ಣಪ್ಪನ ಮುಂದೆ ಅವರೆಕಾಯಿ ಗುಡ್ಡದಂತೆ ಬಿದ್ದಿತ್ತು. ಸೊಗಡು ರಸ್ತೆಯವರೆಗೂ ಬರುತ್ತಿತ್ತು. ನಾನು ಕಾಯಿಗೆ ಕೈಹಾಕುವಷ್ಟರಲ್ಲಿ ಇವರು ಗಡಿಯಾರ ನೋಡಿದರು.

"ಎಕ್ಸರ್‌ಸೈಜ್ ಟೈಮಾಯ್ತು. ಅಗಲಿಸು."

"ಇಲ್ಲೇನಾ? ಜನ ನೋಡ್ತಾರೆ ರೀ."

"ಅವರಿಗೂ ಒಳ್ಳೇದು, ಕಲೀತಾರೆ. ಕೈ ಮೇಲೆತ್ತು."

ವಾದಿರಾಜರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕೈಯೆತ್ತಿ ಐದು ಬೆರಳೂ ಅಗಲಿಸಿದೆ. ಮುನಿಕೃಷ್ಣಪ್ಪ ತಕ್ಕಡಿ ಎತ್ತಿಕೊಂಡ.

"ಐದು ಕೇಜಿನಾ ಅಕ್ಕ?"

ಅದೇ ಗಳಿಗೆಯಲ್ಲಿ ಇವರು "ನೋವಿದ್ಯಾ?" ಎಂದರು. ನಾನು ಇವರಿಗೆ "ಹೂಂ" ಎಂದೆ. ಅವನು ತೂಗಿ ಚೀಲಕ್ಕೆ ಸುರಿದ.

"ಇನ್ನೊಂದ್ಸಲ," ಎಂದರು ಇವರು. ಅಗಲಿಸಿದೆ. ಅವನು ಮತ್ತೆ ಐದು ಕೇಜಿ ಸುರಿದ.

"ಇನ್ನೊಂದ್ಸಲ, ಪೂರ್ತಿ." ಮತ್ತೆ ಸುರಿದ.

ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದ ನಾನು ಬಿಟ್ಟು ನೋಡಿದಾಗ ಚೀಲ ನನ್ನ ಸೊಂಟದೆತ್ತರಕ್ಕೆ ನಿಂತಿತ್ತು.

"ಹದಿನೈದು ಕೇಜಿ ಆಯ್ತು ಸಾರ್," ಎಂದ ಮುನಿಕೃಷ್ಣಪ್ಪ. "ಮನೇಲಿ ಮದ್ವೆನಾ?"

"ನಾವೆಲ್ಲಪ್ಪಾ ಕೇಳಿದ್ವಿ?"

"ಅಕ್ಕ ಕೈ ತೋರಿಸ್ತಾ ಇದ್ರು, ನೀವು ಇನ್ನೊಂದ್ಸಲ ಇನ್ನೊಂದ್ಸಲ ಅಂತಿದ್ರಿ. ಬೇಡಾಂದ್ರೆ ವಾಪಸ್ ಸುರ್ಕೊಳ್ತೀನಿ ಬಿಡಿ."

ಸುತ್ತ ನಿಂತವರು ನಗತೊಡಗಿದ್ದರು. ಜನರ ಎದುರು ತಪ್ಪಾಯಿತೆನ್ನುವುದು ಇನ್‌ಸ್ಪೆಕ್ಷನ್ ವಿಭಾಗದವರಿಗೆ ಅಭ್ಯಾಸವಿಲ್ಲ. "ಬೇಡ ಅಂತ ಯಾರಂದ್ರು?" ಎಂದು ಇವರು ಚೀಲಕ್ಕೆ ಹೆಗಲು ಕೊಟ್ಟರು.

ಮನೆಯಲ್ಲಿ ಅತ್ತೆಗೆ ಚೀಲ ನೋಡಿ ಯೌವನ ಬಂತು. ಅವರಿಗೆ ಹಿತಕಿದ ಬೇಳೆಯೆಂದರೆ ಪ್ರಾಣ. ಸುಲಿದ ಕಾಳನ್ನು ನೆನೆಸಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ಸಿಪ್ಪೆಯಿಂದ ಹಾರಿಸಬೇಕು.

"ನಂಗೆ ರೆಸ್ಟ್ ಹೇಳಿದ್ದಾರೆ," ಎಂದು ನಾನು ಕುರ್ಚಿಯ ಮೇಲೆ ಕಾಲು ಮಡಚಿ ಕೂತುಬಿಟ್ಟೆ.

"ತಂದವನು ನೀನು ತಾನೇ? ನೀನೇ ಹಿಸುಕು," ಎಂದರು ಅತ್ತೆ ಮಗನಿಗೆ.

ಇವರು ನೆಲದ ಮೇಲೆ ಪೇಪರು ಹಾಸಿ ಸಂಜೆಯೆಲ್ಲ ಹಿಸುಕಿದರು. ಮರುದಿನವೂ ಹಿಸುಕಿದರು. ನಾನು ಕುರ್ಚಿಯ ಮೇಲಿಂದಲೇ "ಅದು ಮುರೀತು ನೋಡಿ, ರಿಜೆಕ್ಟ್" ಎನ್ನುತ್ತಿದ್ದೆ. ನನ್ನ ಬಾಳಿನ ಅತ್ಯಂತ ರುಚಿಯಾದ ಎರಡು ಸಂಜೆಗಳು ಅವು. ಅಷ್ಟರಲ್ಲಿ ನನ್ನ ಬೆರಳು ಸದ್ದಿಲ್ಲದೆ ಮಡಚಿ ಬಿಡಿಸತೊಡಗಿತ್ತು. ಆ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಇವರು ಹೆಬ್ಬೆರಳು ಮಡಚಿಕೊಂಡೇ ಬಚ್ಚಲಿನಿಂದ ಹೊರಬಂದರು. ಮುಖ ಬೆಳ್ಳಗಾಗಿತ್ತು. ಅದನ್ನು ಎತ್ತಿದಾಗ ಆ 'ಟಕ್' ನನಗೂ ಕೇಳಿಸಿತು.

ಜಹನಾರಾ ಇವರ ಹೆಬ್ಬೆರಳು ನೋಡಿ ಅವೇ ಎರಡು ಮಾತು ಹೇಳಿದರು. ಇವರಿಗೆ ಈ ಸಲ ಮೊದಲನೆಯದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಏಳಬೇಕೆನ್ನುವಾಗ ಆಕೆ ನನ್ನ ಕೈಯನ್ನೂ ಹಿಡಿದು ಮಡಚಿ ಬಿಡಿಸಿದರು. "ಅರೆ, ನಿಮ್ದು ಚೆನ್ನಾಗಿ ಕುದುರಿದೆ. ಇನ್ನು ಮನೆ ಕೆಲಸ ಎಲ್ಲಾ ನಿಧಾನಕ್ಕೆ ಶುರು ಮಾಡ್ಬಹುದು." ನಾನು ಕಣ್ಣುಸನ್ನೆ ಮಾಡುವುದರೊಳಗೆ ಇವರು ಕೇಳಿಸಿಕೊಂಡಾಗಿತ್ತು.

ಈಗ ಇವರು ಬೆತ್ತದ ಕುರ್ಚಿಯಲ್ಲಿ, ಕೈ ಕೆಳಗೆ ದಿಂಬಿಟ್ಟುಕೊಂಡು ವಿರಾಜಮಾನರು. ಅಂಗಿಯ ಗುಂಡಿ ಹಾಕುವವಳು ನಾನು, ಬೂಟಿನ ಲೇಸು ಕಟ್ಟುವವಳು ನಾನು. ಉಳಿದ ಕಾಳಿನ ಪಾತ್ರೆಯನ್ನು ಅತ್ತೆ ನನ್ನ ಮುಂದೆ ತಂದಿಟ್ಟರು. "ಪಾಪ, ಅವನ ಕೈಲಾಗಲ್ವಲ್ಲಮ್ಮ."

ಹಿಸುಕುತ್ತಾ ಕೂತೆ. ಇವರು ಪತ್ರಿಕೆಯಿಂದ ತಲೆ ಎತ್ತದೆ, "ಸಿಪ್ಪೆ ಕೆಳಗೆ ಬೀಳ್ತಿದೆ ನೋಡು," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು, ಬುಟ್ಟಿಯಲ್ಲಿದ್ದ ಸಿಪ್ಪೆಯನ್ನೆಲ್ಲ ಬಾಚಿ ಅವರ ಕಾಲ ಬುಡಕ್ಕೆ ಸುರಿದೆ. ಅದನ್ನು ಗುಡಿಸಬೇಕಾದವಳೂ ನಾನೇ ಎಂಬುದು ಸುರಿದಾದ ಮೇಲೆ ಹೊಳೆಯಿತು.