ಮಾಳಿಗೆಯ ಮೇಲೊಂದು ಹಿಮಾಲಯ

ಮಳೆನೀರನ್ನು ಸರಿದಾರಿಗೆ ತರುವುದು ಹೇಗೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಹೊಟ್ಟೆಪಾಡೇ ಅದು. ಮಸ್ಕತ್ತಿನ ಅಲ್ ಖುವೈರ್‌ನಲ್ಲಿರುವ ಒಂದು ಕನ್ಸಲ್ಟೆನ್ಸಿ ಆಫೀಸಿನಲ್ಲಿ ಕೂತು, ಮಳೆಯೆಂಬುದು ಅಪರೂಪದ ನೆಂಟನಾಗಿರುವ ದೇಶದ ರಸ್ತೆಗಳಿಗೆ ಚರಂಡಿಯ ನಕ್ಷೆ ಬರೆಯುವವನು ನಾನು. ನಾನು ಬರೆದ ಒಂದು ಚರಂಡಿಯೂ ಇಂದಿನವರೆಗೆ ಉಕ್ಕಿ ಹರಿದ ದಾಖಲೆಯಿಲ್ಲ. ಕಾರಣ ಸರಳ. ಹೆಚ್ಚಿನವನ್ನು ಇನ್ನೂ ಕಟ್ಟಿಯೇ ಇಲ್ಲ!

ಎಣ್ಣೆಯ ಬೆಲೆ ಪಾತಾಳಕ್ಕಿಳಿದ ವರ್ಷಗಳವು. ಸರಕಾರದ ಕೆಲಸಗಳೆಲ್ಲ ನಿಂತಿದ್ದವು. ಆಫೀಸಿನಲ್ಲಿ ಪ್ರತಿ ವಾರ ಒಂದು ಕುರ್ಚಿ ಖಾಲಿಯಾಗುತ್ತಿತ್ತು, ಉಳಿದವರು ಆ ಕುರ್ಚಿಯನ್ನು ನೋಡದೆ ಹಾದುಹೋಗುವುದನ್ನು ಕಲಿತಿದ್ದೆವು. ಬಾಡಿಗೆ ಕಡಿಮೆಯೆಂದು ನಾನು, ನನ್ನ ಹೆಂಡತಿ ಸುವರ್ಣಾ ಗುಡ್ಡದಾಚೆಯ ಅಲ್ ಅಮೇರಾತ್‌ಗೆ ಬಂದು ಒಂದು ಮನೆಯ ಕೆಳಭಾಗ ಹಿಡಿದೆವು. ನಾವು ಬಾಗಲಕೋಟೆಯವರು. ಮಹಡಿಯ ಮೇಲಿದ್ದವರು ಉಡುಪಿ ಕಡೆಯ ಜಗದೀಶಣ್ಣ, ಅವರ ಹೆಂಡತಿ ವನಜಕ್ಕ ಮತ್ತು ಬಸುರಿ ಸೊಸೆ ಪ್ರತಿಮಾ. ಮಗ ದೂರದ ಮರುಭೂಮಿಯ ಎಣ್ಣೆ ಕ್ಯಾಂಪಿನಲ್ಲಿ. ಆ ವರ್ಷ ಒಂದು ವಾರ ರಜೆ ಕೇಳಿದವರಿಗೆ ಕಂಪನಿಗಳು ಧಾರಾಳವಾಗಿ ಪೂರ್ತಿ ರಜೆಯನ್ನೇ ಕೊಟ್ಟು ಕಳಿಸುತ್ತಿದ್ದುದರಿಂದ ಅವನು ರಜೆ ಕೇಳಿರಲಿಲ್ಲ.

ಹೀಗಾಗಿ ಪ್ರತಿಮಾಳ ಸೀಮಂತ ಊರಿನಲ್ಲಿ ಆಗದೆ, ಗಂಡನೂ ಇಲ್ಲದೆ, ಅಮೇರಾತ್‌ನ ಆ ಹಾಲ್‌ನಲ್ಲೇ ಆಗಬೇಕಾಯಿತು. ನಮ್ಮ ಕಡೆ ಇದಕ್ಕೆ ಕುಬಸ ಎನ್ನುತ್ತಾರೆ. ಅವಳ ತಾಯಿ ಊರಿನಿಂದ ಬರುವವರ ಕೈಯಲ್ಲಿ ಹಸಿರು ಸೀರೆ ಕಳಿಸಿದ್ದರು, ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಬೆಳಗಿನಿಂದ ಆ ಮಲ್ಲಿಗೆಯ ಪರಿಮಳ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೂ ಬರುತ್ತಿತ್ತು. ಸುವರ್ಣಾ ಹೋಳಿಗೆ ಮಾಡಿಕೊಂಡು ಆಗಲೇ ಮೇಲೆ ಹೋಗಿದ್ದಳು. ನಾನು ಮಾತ್ರ ಕೆಳಗೆ, ಯಾರಿಗೂ ಬೇಡವಾಗಿ, ಕಿಟಕಿಯ ಬಳಿ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಹಿಂದಿನಿಂದ ಸೀಸದ ಬಣ್ಣದ ಮೋಡವೊಂದು ಎದ್ದು ಬಂತು. ಮೊದಲು ಗಾಳಿ, ಆಮೇಲೆ ನಾಲ್ಕು ಹನಿ, ಆಮೇಲೆ ಆಲಿಕಲ್ಲು! ಹುಣಿಸೆ ಬೀಜದಷ್ಟು, ಕ್ರಮೇಣ ಬೋರೆಹಣ್ಣಿನಷ್ಟು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು. ಹೊರಗೆ ಬಂದು ನೋಡಿದರೆ ನಮ್ಮ ಬೀದಿಯೇ ಇರಲಿಲ್ಲ. ಅದರ ಜಾಗದಲ್ಲಿ ಯಾರೋ ಬಿಳಿಯ ಕಂಬಳಿ ಹೊದಿಸಿ ಹೋಗಿದ್ದರು. ಕಾರುಗಳು ಬೆಳ್ಳಗೆ, ಖರ್ಜೂರದ ಮರದ ಬುಡ ಬೆಳ್ಳಗೆ, ಕಸದ ಡಬ್ಬಿ ಕೂಡ ಬೆಳ್ಳಗೆ, ಪವಿತ್ರವಾಗಿ ನಿಂತಿತ್ತು.

ಜಗದೀಶಣ್ಣ ಮೇಲಿನ ಕಿಟಕಿಯಿಂದ ತಲೆ ಹಾಕಿದರು.

"ವಾದಿಯಲ್ಲಿ, ಆ ಒಣಹಳ್ಳದಲ್ಲಿ, ನೀರು ಬಂದಿದೆಯಂತೆ ಮಾರಾಯ್ರೆ, ಪೊಲೀಸರು ರಸ್ತೆ ಬಂದ್ ಮಾಡಿದ್ದಾರೆ. ಮಸ್ಕತ್ತಿನಿಂದ ಒಬ್ಬರೂ ಬರ್ಲಿಕ್ಕಿಲ್ಲ. ಅಷ್ಟು ಅಡುಗೆ ಉಂಟು, ಎಂಥ ಮಾಡುವುದು? ಮೇಲೆ ಮಾಳಿಗೆಯಲ್ಲಿ ನೀರು ಬೇರೆ ನಿಂತಿದೆಯೋ ಏನೋ, ಗೋಡೆ ಬೆವರ್ತಾ ಉಂಟು."

ಕಷ್ಟದಲ್ಲಿರುವ ನೆರೆಯವರು, ನಿಂತ ನೀರು, ಮತ್ತು ನಾನು! ವಿಧಿ ಇಷ್ಟು ಸ್ಪಷ್ಟವಾಗಿ ಯಾರನ್ನೂ ಕರೆದಿರಲಾರದು.

"ನೀವು ಚಿಂತಿ ಮಾಡಬ್ಯಾಡ್ರಿ. ಅದು ನನ್ನ ಫೀಲ್ಡು!" ಎಂದೆ. ಫೋನನ್ನು ಮೇಜಿನ ಮೇಲಿಟ್ಟೆ, ಒದ್ದೆಯಾಗಬಾರದೆಂಬ ಮುಂದಾಲೋಚನೆಯಿಂದ. ಲುಂಗಿ ಮೇಲೆ ಕಟ್ಟಿ, ಸ್ವೆಟರ್ ಹಾಕಿ, ಸಲಿಕೆ ಹಿಡಿದು ಹೊರಟೆ. ಮಹಡಿಯ ಬಾಗಿಲಲ್ಲಿ ಸುವರ್ಣಾ ತಡೆದಳು.

"ಎಲ್ಲಿಗೆ ಹೊಂಟೀರಿ?"

"ಮಾಳಗಿ ಮ್ಯಾಲೆ. ಹಿಮಾ ತಗ್ಯಾಕ."

"ಅದು ಹಿಮಾ ಅಲ್ಲ, ಆಣಿಕಲ್ಲ. ತಾನ ಕರಗತೈತಿ. ಸುಮ್ನ ಬಂದು ಕುಂದರ್ರಿ."

ಹೆಂಗಸರಿಗೆ ಇಂಥ ವಿಷಯಗಳ ತಾಂತ್ರಿಕ ಮುಖ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸಿ ಮೇಲೆ ಹತ್ತಿದೆ.

ಮಾಳಿಗೆಯ ಕಬ್ಬಿಣದ ಬಾಗಿಲು ತೆರೆದವನು ಸಲಿಕೆಯನ್ನು ಮರೆತೇಬಿಟ್ಟೆ. ಸುತ್ತಲಿನ ಕರಿಗುಡ್ಡಗಳು ಹೆಗಲಿಗೆ ಬಿಳಿ ಶಾಲು ಹೊದ್ದು ನಿಂತಿದ್ದವು. ಮೋಡದ ಸಂದಿನಿಂದ ಬಿಸಿಲು ಇಳಿದು, ನೆಲದಿಂದ ತೆಳ್ಳನೆಯ ಹಬೆ ಏಳುತ್ತಿತ್ತು. ನೀರಿನ ಟ್ಯಾಂಕುಗಳು, ಡಿಶ್ ಆಂಟೆನಾಗಳು ಆ ಹಬೆಯಲ್ಲಿ ತೇಲಿದಂತೆ ಕಾಣುತ್ತಿದ್ದವು. ಹೆದ್ದಾರಿಯ ಸದ್ದಿಲ್ಲ, ಏಸಿಗಳ ಗುಂಯ್‌ಗುಡುವಿಕೆಯಿಲ್ಲ. ಎಲ್ಲಿಂದಲೋ ಬಾಂಗಿನ ದನಿ ಹತ್ತಿಯಲ್ಲಿ ಸುತ್ತಿಟ್ಟಂತೆ ಮೆತ್ತಗೆ ಬಂತು. ನಲವತ್ತು ದಾಟಿದರೂ ಹಿಮ ಕಾಣದ ಬಾಗಲಕೋಟೆಯ ಜೀವ ನನ್ನದು. ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನಡೆದೆ. ಪಾದದ ಕೆಳಗೆ ಸಕ್ಕರೆ ಮುರಿದಂಥ ಸದ್ದು. ಆ ಗಳಿಗೆಯಲ್ಲಿ ಎಣ್ಣೆಯ ಬೆಲೆಯಿರಲಿಲ್ಲ, ಆಫೀಸಿನ ಖಾಲಿ ಕುರ್ಚಿಗಳಿರಲಿಲ್ಲ. ನಾನೊಬ್ಬ ಋಷಿಯಾಗಿದ್ದೆ.

ಋಷಿಗೆ ಕಾಲು ಮರಗಟ್ಟಿತು. ಕೆಲಸ ನೆನಪಾಯಿತು.

ಆಲಿಕಲ್ಲನ್ನು ಗೋರಿ ಗೋರಿ ಒಂದೆಡೆ ರಾಶಿ ಹಾಕಿದೆ. ಬಿಸಿಲು ಬೀಳದ, ಗಾಳಿ ಕಡಿಮೆಯಿರುವ ಮೂಲೆಯನ್ನೇ ಹುಡುಕಿ, ಅಂದರೆ ಬಾಗಿಲ ಪಕ್ಕದಲ್ಲೇ. ಗೋಡೆಯ ಬದಿಗೆ ಹಿಮದಡಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ನೀರು ಹೊರಹೋಗುವ ಕೊಳವೆಗಾಗಿ ತಡಕಾಡುವಾಗ ಗೋಡೆಯ ಬುಡದಲ್ಲೊಂದು ಪೈಪು ಕೈಗೆ ಸಿಕ್ಕಿತು. ಯಾರೋ ಮಹಾಮೂರ್ಖ ಅದರ ಬಾಯಿಗೆ ಹಳೆಯ ಟವೆಲ್ ತುರುಕಿದ್ದ! ಇಷ್ಟು ದಿನ ಇದನ್ನು ಯಾರೂ ಗಮನಿಸಿಲ್ಲವಲ್ಲ ಎಂದು ಮರುಗುತ್ತ, ಕಾಲು ಗೋಡೆಗೆ ಕೊಟ್ಟು ಎಳೆದೆ. ಟವೆಲ್ ಬಂತು. ಅದನ್ನು ವಿಜಯಪತಾಕೆಯಂತೆ ಬೀಸಿ ಬೀದಿಗೆ ಎಸೆದೆ.

ನೀರು ಗುಳುಗುಳು ಎಂದು ಸುರುಳಿ ಸುತ್ತಿ ಪೈಪಿನೊಳಗೆ ಇಳಿಯತೊಡಗಿತು. ಎಂಥ ಮಧುರ ಸದ್ದು! ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಹೇಳಿದ ದಾರಿಯಲ್ಲಿ ನೀರು ಹರಿದದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಕೆಳಗಿನಿಂದ ಹೆಂಗಸರ ಕೂಗು ಕೇಳಿಸಿತು. ನನ್ನ ಕೆಲಸಕ್ಕೆ ಮೆಚ್ಚುಗೆ ಎಂದುಕೊಂಡೆ.

ಕೂಗು ನಿಲ್ಲಲಿಲ್ಲ. ಮೆಚ್ಚುಗೆ ಇಷ್ಟು ಹೊತ್ತು ಇರುವುದಿಲ್ಲ ಎಂಬುದು ಹೆಂಡತಿಯುಳ್ಳವನಿಗೆ ಗೊತ್ತಿರುತ್ತದೆ. ಕಿವಿಗೊಟ್ಟೆ. "ಅಯ್ಯೋ ದೇವರೇ, ಸೀರೆ! ಸೀರೆ ತೆಗೀರಿ!" ಎಂಬ ವನಜಕ್ಕನ ದನಿ ಪೈಪಿನೊಳಗಿಂದಲೇ ಬಂತು.

ಅದು ನೀರಿನ ಪೈಪಲ್ಲ. ಹಳೆಯ ಏಸಿಯ ತಂತಿಗಳಿಗೆಂದು ಕೊರೆದ, ನೇರ ಜಗದೀಶಣ್ಣನ ಹಾಲ್‌ಗೆ ಇಳಿಯುವ ತೂತು. ಅದರ ಕೆಳಗೇ ಹಸಿರು ಸೀರೆ ಮಡಚಿಟ್ಟ, ಮಲ್ಲಿಗೆ ಕಟ್ಟಿದ ಬಸುರಿಯ ಕುರ್ಚಿ!

ಮುಚ್ಚಲು ಟವೆಲ್ ಇಲ್ಲ. ಸ್ವೆಟರ್ ಬಿಚ್ಚಿ ತುರುಕಿದೆ. ಪೈಪು ಅದನ್ನು ನುಂಗಿತು. ಅಂಗಿ ತುರುಕಿದೆ. ಅದನ್ನೂ ನುಂಗಿತು. ಉಳಿದದ್ದು ಬನಿಯನ್ ಮತ್ತು ಲುಂಗಿ. ಒಮಾನಿನ ಕಾನೂನು, ನನ್ನ ಮನೆತನ ಎರಡನ್ನೂ ನೆನೆದು, ಕೊನೆಗೆ ನಾನೇ ಆ ತೂತಿನ ಮೇಲೆ ಕೂತೆ. ನೀರು ನಿಂತಿತು.

ಆಗಲೇ ಗಾಳಿ ಬೀಸಿತು. ಬಾಗಿಲು ಧಡಾರನೆ ಹಾಕಿಕೊಂಡಿತು. ನಾನು ಪಕ್ಕದಲ್ಲಿ ಪೇರಿಸಿದ್ದ ಹಿಮಾಲಯ ಮೆಲ್ಲಗೆ ಜಾರಿ ಬಾಗಿಲಿಗೆ ಅಡ್ಡಲಾಗಿ ಪವಡಿಸಿತು. ಆ ಬಾಗಿಲು ತೆರೆಯುವುದು ಹೊರಕ್ಕೆ!

ಒಳಗಿನಿಂದ ಸುವರ್ಣಾ ಬಾಗಿಲು ಬಡಿದಳು.

"ಏನ್ ಮಾಡಾಕತ್ತೀರಿ ಅಲ್ಲಿ? ಬಾಗಲಾ ತಗೀರಿ!"

"ಬರಾಕ ಆಗಂಗಿಲ್ಲ. ಕುಂತೇನಿ!"

"ಕುಂತೀರಾ? ಇಲ್ಲಿ ಪ್ರತಿಮಾನ ಸೀರಿ ತೊಯ್ದೈತಿ, ಹುಡುಗಿ ಅಳಾಕತ್ತೈತಿ, ನೀವು ಆರಾಮ ಕುಂತೀರಾ?"

"ಎದ್ರ ನೀರ ಕೆಳಗ ಬರ್ತಾವ!"

"ಇನ್ನೇನ್ ಬರ್ತಾವ? ಎಲ್ಲಾ ಬಂದಾವ! ನಿಮ್ಮ ಸ್ವೆಟರ್ ಸೈತ ಬಂದೈತಿ!"

ಪ್ರತಿಮಾ ಅಳುತ್ತಿದ್ದಾಳೆ ಎಂದು ಕೇಳಿದ ಮೇಲೆ ನನಗೆ ಚಳಿಗಿಂತ ಹೆಚ್ಚಾಗಿ ಬೇರೇನೋ ಕೊರೆಯಿತು. ಗಂಡ ಹತ್ತಿರವಿಲ್ಲ, ತಾಯಿ ಬರಲಾಗಲಿಲ್ಲ, ನೆಂಟರ ದಾರಿ ಮುಚ್ಚಿದೆ. ಉಳಿದದ್ದು ಒಂದು ಸೀರೆ. ಅದಕ್ಕೂ ನಾನು ಕೈಹಾಕಿದ್ದೆ. ಸುತ್ತಲಿನ ಬಿಳಿ ಲೋಕ ಇನ್ನೂ ಅಷ್ಟೇ ಸುಂದರವಾಗಿತ್ತು. ಅದನ್ನು ನೋಡುವ ಮುಖ ನನಗಿರಲಿಲ್ಲ.

ಬೀದಿಯಲ್ಲಿ ಯಂತ್ರಗಳ ಸದ್ದಾಯಿತು. ಬಲ್ದಿಯಾದ, ಎಂದರೆ ನಗರಸಭೆಯ, ಲೋಡರ್ ಒಂದು ರಸ್ತೆಯ ಆಲಿಕಲ್ಲು ಗೋರುತ್ತ ಬಂತು. ಅದರ ಹಿಂದೆ ವಾಲಿದ ದೀಪದ ಕಂಬ ಸರಿಪಡಿಸಲು, ಉದ್ದ ತೋಳಿನ ತುದಿಯಲ್ಲಿ ಆಳು ನಿಲ್ಲುವ ತೊಟ್ಟಿಲುಗಾಡಿ. ನಾನು ಕೂತಲ್ಲಿಂದಲೇ ಬಲ್ಲ ಭಾಷೆಗಳಲ್ಲೆಲ್ಲ ಕೂಗಿದೆ. ಸ್ವಲ್ಪ ಹೊತ್ತಿನಲ್ಲಿ ಮಾಳಿಗೆಯ ಅಂಚಿನಾಚೆ, ಹಬೆಯನ್ನು ಸೀಳಿಕೊಂಡು, ಬಿಳಿಯ ನಿಲುವಂಗಿಯ ಗಡ್ಡಧಾರಿಯೊಬ್ಬರು ಆಕಾಶದಲ್ಲಿ ನಿಧಾನವಾಗಿ ಮೇಲೆದ್ದರು. ದೇವದೂತನೇ ಬಂದನೆಂದು ಕೈಮುಗಿದೆ. ದೇವದೂತನ ಹೆಗಲ ಮೇಲೆ ಒದ್ದೆ ಟವೆಲ್ ಇತ್ತು.

ಎದುರು ಮನೆಯ ಅಬು ಸಲೀಂ! ನಿವೃತ್ತ ಮೇಷ್ಟ್ರು, ನಮ್ಮೊಡನೆ ಮಾತಾಡುವುದು ಹಿಂದಿಯಲ್ಲಿ, ನನ್ನನ್ನು ಕರೆಯುವುದು ಮಾತ್ರ 'ಮುಹಂದಿಸ್', ಅಂದರೆ ಎಂಜಿನಿಯರ್ ಎಂದು. ತೊಟ್ಟಿಲುಗಾಡಿಯವರನ್ನು ಒಪ್ಪಿಸಿ ಏರಿ ಬಂದಿದ್ದರು.

"ಮುಹಂದಿಸ್, ಯೇ ತುಮ್ಹಾರಾ ಹೈ?" ಎಂದು ಟವೆಲ್ ತೋರಿಸಿದರು. ನನ್ನ ವಿಜಯಪತಾಕೆ ಅವರ ತಲೆಯ ಮೇಲೇ ಇಳಿದಿತ್ತಂತೆ. ನಾನು ಕೂತ ಭಂಗಿಯನ್ನು, ತೂತನ್ನು, ಬಾಗಿಲಿಗೊರಗಿದ ಹಿಮಾಲಯವನ್ನು ಒಂದೊಂದಾಗಿ ನೋಡಿದರು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಟವೆಲ್ಲನ್ನು ತೂತಿಗೆ ಬಿಗಿದು, "ಯಲ್ಲಾ, ಖಲಾಸ್", ನಡಿ, ಮುಗಿಯಿತು, ಎಂದು ನನ್ನನ್ನು ಎಬ್ಬಿಸಿದರು. ನೆಂಟರು ಬಾರದ ಸುದ್ದಿ, ಒದ್ದೆ ಹಾಲ್, ಅಳುವ ಹುಡುಗಿ, ಎಲ್ಲವನ್ನೂ ನಾನು ಹಲ್ಲು ಕಟಕಟಿಸುತ್ತ ಹೇಳಿದೆ. ಅವರು ಬಾಗಿ ಕೆಳಗಿದ್ದ ತಮ್ಮ ಹೆಂಡತಿಗೆ ಅರಬ್ಬಿಯಲ್ಲಿ ಏನೋ ಕೂಗಿದರು.

ತೊಟ್ಟಿಲಲ್ಲಿ ನಿಂತು, ಬನಿಯನ್-ಲುಂಗಿಯಲ್ಲಿ, ಇಡೀ ಬೀದಿಯ ಸಮ್ಮುಖದಲ್ಲಿ ನಾನು ಭೂಮಿಗೆ ಇಳಿದೆ. ಜನ ಚಪ್ಪಾಳೆ ತಟ್ಟಿದರು. ಈ ಸಲ ಅದನ್ನು ಮೆಚ್ಚುಗೆ ಎಂದುಕೊಳ್ಳಲಿಲ್ಲ.

ಆಮೇಲಿನದು ಕನಸಿನಂತೆ ನಡೆಯಿತು. ಬೀದಿಯವರು ಸಾಲಾಗಿ ನಿಂತು ಜಗದೀಶಣ್ಣನ ಮನೆಯ ಪಾತ್ರೆ, ತಟ್ಟೆ, ದೀಪ, ಉಂಡೆಯ ಡಬ್ಬಿಗಳನ್ನು ಬಿಳಿ ರಸ್ತೆ ದಾಟಿಸಿ ಅಬು ಸಲೀಂರ ಮಜ್ಲಿಸಿಗೆ, ಅತಿಥಿಗಳನ್ನು ಕೂರಿಸುವ ಅವರ ದೊಡ್ಡ ಕೋಣೆಗೆ ಒಯ್ದರು. ಲೋಡರಿನ ಚಾಲಕ ದಾರಿ ಗೋರಿಕೊಟ್ಟ. ಅವರ ಹೆಂಡತಿ ಉಮ್ಮ್ ಸಲೀಂ ಹಸಿರು ಸೀರೆಯನ್ನು ತಾವೇ ಇಸ್ತ್ರಿ ಹಾಕಿ ಒಣಗಿಸಿ, ಲೋಬಾನದ ಹೊಗೆಯ ಮೇಲೆ ಹಿಡಿದು ಪ್ರತಿಮಾಗೆ ಉಡಿಸಲು ಕೊಟ್ಟರು. ಮಲ್ಲಿಗೆ ನೆಂದು ಇನ್ನಷ್ಟು ಅರಳಿತ್ತು. ವನಜಕ್ಕ ಆರತಿ ಎತ್ತಿದಾಗ ಸುವರ್ಣಾ ನಮ್ಮ ಕಡೆಯ ಕುಬಸದ ಹಾಡು ಹಾಡಿದಳು, ಉಮ್ಮ್ ಸಲೀಂ ಮತ್ತು ಬೀದಿಯ ಹೆಂಗಸರು ನಾಲಿಗೆ ಆಡಿಸಿ ಲೂಲೂಲೂ ಎಂದು ಮಂಗಳದ ಕೂಗು ಹಾಕಿದರು. ಪ್ರತಿಮಾ ಮತ್ತೆ ಅತ್ತಳು. ಆದರೆ ಈ ಸಲ ನಗುತ್ತ.

ಕ್ಯಾಂಪಿನಿಂದ ಅವಳ ಗಂಡನ ಫೋನ್ ಬಂತು. "ಹೇಗೆ ಆಯ್ತು? ಜನ ಬಂದಿದ್ರಾ?"

"ತುಂಬಾ ಜನ!" ಎಂದಳು ಅವಳು. "ಒಬ್ಬರು ಆಕಾಶದಿಂದ ಕೂಡ ಬಂದ್ರು."

ನಾನು ಮೂಲೆಯಲ್ಲಿ ಅಬು ಸಲೀಂರ ಕಂಬಳಿ ಹೊದ್ದು ಕೂತಿದ್ದೆ. ಜಗದೀಶಣ್ಣ ತಟ್ಟೆಯಲ್ಲಿ ಪಾಯಸ, ಹೋಳಿಗೆ ತಂದರು. ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ.

"ಮಾತಾಡ್ಬೇಡಿ, ತಿನ್ನಿ" ಎಂದರು. "ನೀವು ಸುಮ್ಮನೆ ಕೂತಿದ್ರೆ ನಾವು ಐದೇ ಜನ ಊಟ ಮಾಡ್ಬೇಕಿತ್ತು ಮಾರಾಯ್ರೆ." ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿ ಸೇರಿಸಿದರು. "ಆದ್ರೂ ಇನ್ಮುಂದೆ ಸುಮ್ಮನೆ ಕೂತ್ಕೊಳ್ಳಿ."

ಬೇಸಿಗೆ ಶುರುವಾಗುವ ಹೊತ್ತಿಗೆ ಪ್ರತಿಮಾಗೆ ಹೆಣ್ಣುಮಗು ಹುಟ್ಟಿತು. ಹೆಸರು ಹಿಮಾ ಎಂದಿಟ್ಟರು. "ನಿಮ್ಮ ನೆನಪಿಗೇ ಇಟ್ಟದ್ದು" ಎಂದು ವನಜಕ್ಕ ಹೇಳಿದಾಗ ನನ್ನ ಎದೆ ಉಬ್ಬಿತು. ಮನೆಗೆ ಬಂದು ಸುವರ್ಣಾಗೆ, "ನೋಡಿದ್ಯಾ? ಪರದೇಶದಾಗ ನನ್ನ ಹೆಸರ ಉಳೀತು!" ಎಂದೆ.

"ಹೌದ್ರಿ" ಎಂದಳು ಬಟ್ಟೆ ಮಡಚುತ್ತ. "ಒಮಾನ್‌ದಾಗ ಹುಟ್ಟಿದ ಕೂಸಿಗೆ ಹಿಮಾ ಅಂತ ಯಾಕ ಇಟ್ರಿ ಅಂತ ಎಲ್ಲಾರೂ ಕೇಳ್ತಾರ. ಆಗೆಲ್ಲಾ ನಿಮ್ಮ ಕಥಿ ಹೇಳಬೇಕಲ್ಲ. ಸಾಲ್ಯಾಗ, ಕಾಲೇಜಿನ್ಯಾಗ, ಮದುವಿ ಮಂಟಪದಾಗ..."

ಎಲ್ಲರೂ ತಮ್ಮ ಮೂರ್ಖತನವನ್ನು ನಾಲ್ಕು ದಿನದಲ್ಲಿ ಮರೆಸಿಬಿಡುತ್ತಾರೆ. ನನ್ನದಕ್ಕೆ ಮಾತ್ರ ಜನನ ಪ್ರಮಾಣಪತ್ರ ಸಿಕ್ಕಿದೆ!