ಎಣ್ಣೆ ಅಂಟದ ಗಾಜು

ಗಂಡ: ಮುಟ್ಟಬೇಡ! ಮುಟ್ಟಬೇಡ ಅಂದೆ! ಮಿಷಿನ್ ಎಣ್ಣೆ ಕೈ ಅದು!

ಹೆಂಡತಿ: ಟೈಮ್ ನೋಡೋಣ ಅಂತ ಫೋನ್ ಮೇಲೆ ಒಂದು ಬೆರಳಿಟ್ಟೆ. ಅದಕ್ಯಾಕೆ ಮನೆಗೆ ಬೆಂಕಿ ಬಿದ್ದ ಹಾಗೆ ಕೂಗ್ತೀರಿ?

ಗಂಡ: ಟೈಮ್ ನೋಡಕ್ಕೆ ಗೋಡೆ ಮೇಲೆ ಗಡಿಯಾರ ಇಲ್ವಾ?

ಹೆಂಡತಿ: ಇದೆ. ಅದಕ್ಕೂ ಪ್ಲಾಸ್ಟಿಕ್ ಸುತ್ತಿದ್ದೀರಲ್ಲ, ಮುಳ್ಳು ಎಲ್ಲಿದೆ ಅಂತ ಕಾಣ್ಬೇಕಲ್ಲ.

ಕೂಗಿದ ಮಹಾಶಯರು ಮರದ ಸಾಮಾನಿಗೆ ಪಾಲಿಶ್ ಹಾಕುವ ಮೇಸ್ತ್ರಿ. ಊರಿನವರ ಮೇಜು ಕುರ್ಚಿಗೆಲ್ಲ ಹೊಳಪು ಕೊಟ್ಟು, ತಮ್ಮ ಮನೆಯ ಸಾಮಾನನ್ನು ಮಾತ್ರ ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಇಟ್ಟುಕೊಂಡವರು. ಸೋಫಾ, ಗಡಿಯಾರ, ಟಿ.ವಿ. ರಿಮೋಟು, ಫ್ರಿಜ್ಜಿನ ಬಾಗಿಲು, ಯಾವುದಕ್ಕೂ ಇನ್ನೂ ಈ ಮನೆಯ ಗಾಳಿ ತಾಗಿಲ್ಲ. ಹೆಂಡತಿ ಬಟ್ಟೆ ಹೊಲಿಯುವಾಕೆ. ಕಿಟಕಿಯ ಪಕ್ಕದಲ್ಲಿರುವ ಆಕೆಯ ಹೊಲಿಗೆ ಯಂತ್ರಕ್ಕೆ ಮಾತ್ರ ಮೈಮೇಲೆ ಏನೂ ಇಲ್ಲ. ಅದು ತವರಿನಿಂದ ಬಂದದ್ದು, ಮೇಸ್ತ್ರಿಗಳ ಆಡಳಿತಕ್ಕೆ ಸೇರುವುದಿಲ್ಲ.

ಹೆಂಡತಿ: ನಂಗೊಂದು ಅರ್ಥ ಆಗಲ್ಲ. ಈ ಫೋನಿನ ಮೇಲೆ ಅಂಟಿಸಿದ್ದೀರಲ್ಲ ಗಾಜು, ಅದಕ್ಕೆ ಎಣ್ಣೆ ಅಂಟಲ್ಲ, ಬೆರಳಚ್ಚು ಕೂರಲ್ಲ, ಅಂಥ ಕೋಟಿಂಗ್ ಇದೆ ಅಂದಿದ್ದು ನೀವೇ ತಾನೇ?

ಗಂಡ: ಹೌದು. ಕಂಪನಿಯವರೇ ಹಾಕಿ ಕಳಿಸಿರೋದು.

ಹೆಂಡತಿ: ಎಣ್ಣೆ ಅಂಟಲ್ಲ ಅಂದ್ಮೇಲೆ ನನ್ನ ಎಣ್ಣೆ ಕೈ ಕಂಡ್ರೆ ಅದಕ್ಕೇನು ಭಯ?

ಗಂಡ: ಎಣ್ಣೆ ತಾಗಿದ್ರೆ ಒರೆಸ್ಬೇಕು. ಒರೆಸಿದ್ರೆ ಕೋಟಿಂಗ್ ಸವೆಯುತ್ತೆ.

ಹೆಂಡತಿ: ಮತ್ತೆ ನೀವು ದಿನಾ ಬೆಳಿಗ್ಗೆ ಎದ್ದು ಒರೆಸ್ತೀರಲ್ಲ?

ಗಂಡ: ಅದು ಒರೆಸೋದಲ್ಲ. ಆರೈಕೆ.

ಹೆಂಡತಿ: ಛತ್ರಿ ನೆನೆಯುತ್ತೆ ಅಂತ ಅದನ್ನ ಕಂಕುಳಲ್ಲಿ ಇಟ್ಕೊಂಡು ಮಳೇಲಿ ಓಡೋರ ಹಾಗಾಯ್ತು ನಿಮ್ಮ ಕಥೆ.

ಮೇಸ್ತ್ರಿಗಳು ಇಂಥ ಮಾತಿಗೆ ಕಿವಿಗೊಡುವವರಲ್ಲ. ಟೀಪಾಯಿಯ ಕೆಳಗಿನಿಂದ ಡಬ್ಬಿ ತೆಗೆದು, ಮೆತ್ತನೆಯ ಬಟ್ಟೆಗೆ ಎರಡು ಹನಿ ನೀರು ಚಿಮುಕಿಸಿ, ಫೋನನ್ನು ಎಳೆಗೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡರು. ಕೆಳಗಿದ್ದ ಸೋಫಾ ಚರಪರ ಎಂದಿತು.

ಗಂಡ: ನೋಡಿ ಕಲಿ. ಸ್ಪಿರಿಟ್ ಹಾಕಬಾರದು, ಸೋಪು ಹಾಕಬಾರದು, ಉಟ್ಟ ಬಟ್ಟೆ ತುದೀಲಿ ತಿಕ್ಕಬಾರದು. ನೀರನ್ನ ಬಟ್ಟೆಗೆ ಹಾಕ್ಬೇಕು, ಗಾಜಿಗಲ್ಲ. ಮೇಲಿಂದ ಕೆಳಕ್ಕೆ ಒಂದೇ ಕಡೆ ಎಳೀಬೇಕು, ಮರದ ಎಳೆ ಹಿಡಿದು ಪಾಲಿಶ್ ಎಳೆದ ಹಾಗೆ.

ಹೆಂಡತಿ: ಗಾಜಿಗೆ ಎಲ್ಲಿಂದ ಬಂತ್ರೀ ಎಳೆ?

ಗಂಡ: ಪಾಲಿಶ್ ವಿಷಯ ನೀನು ನನಗೆ ಹೇಳ್ಕೊಡ್ಬೇಡ. ಪ್ರತಿ ಭಾನುವಾರ ಡಬ್ಬೀಲಿರೋ ಈ ಶೀಶೆಯ ಕೋಟಿಂಗ್ ದ್ರವ ಹೊಸದಾಗಿ ಒಂದು ಕೋಟ್ ಎಳೆದು ಒಣಗಿಸ್ತೀನಲ್ಲ, ಸುಮ್ನೇನಾ? ಪಕ್ಕದ ಮನೆಯಾಕೆ ಫೋನ್ ನೋಡಿದ್ದೀಯಾ? ಥೂ, ತೊಳೀದೇ ಇಟ್ಟ ಬಾಣಲೆ!

ಹೆಂಡತಿ: ಆ ಬಾಣಲೇಲಿ ಮಾತಾಡೋರ ಮುಖ ಕಾಣುತ್ತಂತೆ. ನಿಮ್ಮದ್ರಲ್ಲಿ ಕಾಣಲ್ಲ.

ಗಂಡ: ಅದು ಫೋನಿನ ದೋಷ ಅಲ್ಲಮ್ಮಾ, ನಿನ್ನ ಕಣ್ಣಿನ ದೋಷ.

ಕೆಲವು ದಿನಗಳಿಂದ ಹೆಂಡತಿಯನ್ನು ಒಳಗೊಳಗೇ ಕೊರೆಯುತ್ತಿದ್ದ ಭಯವೇ ಅದು. ಮಗಳು ಇರುವುದು ದೂರದೂರಿನಲ್ಲಿ. ಆಕೆ ಮುಖ ತೋರಿಸಿ ಮಾತಾಡುವುದು ಈ ಫೋನಿನಲ್ಲೇ. ಹೆಂಡತಿಯ ಹತ್ತಿರ ಇರುವುದು ಬರೀ ಗುಂಡಿ ಒತ್ತುವ ಫೋನು. ನಿನ್ನೆ ಮಗಳು ಕೂಸಿನ ತುಟಿ ಸರಿಸಿ, ಹೊಸದಾಗಿ ಮೂಡಿದ ಹಲ್ಲು ತೋರಿಸಿದ್ದಳು. ಅಜ್ಜಿಗೆ ಕಂಡದ್ದು ಬೆಳ್ಳನೆಯ ಹೊಗೆ.

ಹೆಂಡತಿ: ನಿಜ ಹೇಳ್ತೀನಿ, ನಗಬೇಡಿ. ನಿನ್ನೆ ನಂಗೆ ಹಲ್ಲು ಕಾಣಲೇ ಇಲ್ಲ. ಮಗಳು ಬೇಜಾರು ಮಾಡ್ಕೊಳ್ತಾಳೆ ಅಂತ ಕಾಣ್ತು ಕಾಣ್ತು ಅಂದ್ಬಿಟ್ಟೆ.

ಗಂಡ: ನಂಗೆ ಚೆನ್ನಾಗೇ ಕಾಣ್ತು. ಒಂದೇ ಒಂದು ಹಲ್ಲು, ಅಕ್ಕಿಕಾಳಿನ ಹಾಗೆ.

ಹೆಂಡತಿ: ಸೂಜಿಗೆ ದಾರ ಈಗ್ಲೂ ಒಂದೇ ಸಲಕ್ಕೆ ಪೋಣಿಸ್ತೀನಿ. ಮೊಮ್ಮಗಳ ಮುಖ ಮಾತ್ರ ಕಾಣಲ್ಲ. ಯಾವ ಸೀಮೆ ಕಣ್ಣೋ ಇದು! ಸಣ್ಣ ಹೂವಿನ ಕೆಲಸ ಇನ್ನು ನನ್ನ ಕೈಲಾಗಲ್ಲ ಅಂತ ಮೂಲೆ ಮನೆಯಾಕೆಗೆ ಬಟ್ಟೆ ವಾಪಸ್ ಕೊಟ್ಟುಬಿಟ್ಟೆ.

ಗಂಡ: ಒಳ್ಳೇ ಕೆಲಸ ಮಾಡಿದೆ. ವಯಸ್ಸಾಯ್ತು ಅಂತ ಒಪ್ಕೊಳ್ಳೋದು ಕಲಿ. ಯಾವುದನ್ನೇ ಆಗ್ಲಿ ಮೊದಲಿಂದ ಜೋಪಾನ ಮಾಡ್ಬೇಕು.

ಹೆಂಡತಿ: ಯಾಕೆ, ಕಣ್ಣಿಗೂ ಪ್ಲಾಸ್ಟಿಕ್ ಸುತ್ತಬೇಕಿತ್ತಾ?

ಗಂಡ: ಹಂಗಿಸು, ಹಂಗಿಸು. ಈ ಗಾಜು ಅಂಟಿಸಿದ್ದು ಯಾರು? ಅಂಗಡಿಯವನು "ಕೊಡಿ ಸಾರ್, ಹಾಕ್ಕೊಡ್ತೀನಿ" ಅಂದ. ಅವನ ಕೈಗೆ ಕೊಡ್ತೀನಾ? ಮನೆಗೆ ತಂದು, ಧೂಳು ಬರದ ಹಾಗೆ ಕಿಟಕಿ ಬಾಗಿಲು ಹಾಕಿ, ಒಂದು ಗುಳ್ಳೆ ಏಳದ ಹಾಗೆ ಕೂರಿಸಿದೆ. ಕಂಪನಿಯವರಿಗೇ ಅಚ್ಚುಕಟ್ಟು ಗೊತ್ತಿಲ್ಲ, ಮೂಲೇಲಿ ಒಂದು ಕೆಂಪು ಬಾಲ ಬಿಟ್ಟಿದ್ರು. ನಿನ್ನ ಕತ್ತರಿ ತಗೊಂಡು ಅಂಚಿಗೆ ಸರಿಯಾಗಿ ಕತ್ತರಿಸಿದೆ.

ಹೆಂಡತಿ: ನನ್ನ ಬಟ್ಟೆ ಕತ್ತರೀಲಾ? ಅದಕ್ಕೇ ಅದು ಮೊಂಡಾಗಿರೋದು! ಅಲ್ಲಾ, ನಿಮಗೆ... ಒಂದು ನಿಮಿಷ ಇರಿ. ಗಾಜಿಗೆ ಬಾಲ ಯಾಕಿತ್ತು?

ಗಂಡ: ನಂಗೇನು ಗೊತ್ತು? ಏನೋ ಬಿಟ್ಟಿದ್ರು.

ಹೆಂಡತಿ: ಕತ್ತರೀಲಿ ಕತ್ತರಿಸಕ್ಕೆ ಬರೋ ಗಾಜು ಯಾವುದ್ರೀ?

ಮೇಸ್ತ್ರಿಗಳು ಫೋನನ್ನು ತಿರುಗಿಸಿ ಮೂಲೆ ನೋಡಿದರು. ಅಷ್ಟರಲ್ಲಿ ಹೆಂಡತಿ ಫೋನು ಕಿತ್ತುಕೊಂಡು, ಭುಜದ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿಯ ಮೊನೆಯನ್ನು ಗಾಜಿನ ಮೂಲೆಗೆ ಹಿಡಿದಾಗಿತ್ತು.

ಗಂಡ: ಲೇ, ಸೂಜಿ! ಸೂಜಿ ಹಾಕ್ಬೇಡ್ವೇ! ಅಯ್ಯೋ... ಹೋಯ್ತು! ಪೂರ್ತಿ ಕೋಟಿಂಗ್ ಸುಲಿದು ಹಾಕಿದ್ಲು!

ಹೆಂಡತಿ: ಕಣ್ಬಿಟ್ಟು ನೋಡಿ. ಇದು ಕೋಟಿಂಗ್ ಅಲ್ಲ, ಗಾಜಿನ ಮೇಲೆ ಅಂಟಿಸಿ ಕಳಿಸೋ ಪ್ಲಾಸ್ಟಿಕ್ ಹಾಳೆ. ಕಿತ್ತು ಎಸೀಲಿ ಅಂತ ಅವರು ಬಾಲ ಇಟ್ರು, ಬುದ್ಧಿವಂತರು ನೀವು ಬಾಲಾನೇ ಕತ್ತರಿಸಿದ್ರಿ. ಇಷ್ಟು ದಿನ ಕೋಟ್ ಮೇಲೆ ಕೋಟ್ ಬಳಿದು ಮಂಜು ಮಾಡಿದ್ದು ಈ ಕಸಾನ. ನಿಮ್ಮ ನಿಜವಾದ ಕೋಟಿಂಗ್ ಕೆಳಗೆ ಹಾಯಾಗಿ ಮಲಗಿದೆ, ಒಬ್ಬರ ಬೆರಳೂ ತಾಗದೆ!

ಫೋನು ಬಡಿದುಕೊಂಡಿತು. ಮಗಳು. ಹೆಂಡತಿ ಬೇಕೆಂದೇ ಎಣ್ಣೆ ಮೆತ್ತಿದ ಬೆರಳಿನಿಂದ ಒತ್ತಿದಳು.

ಮಗಳು: ಅಮ್ಮಾ, ಬೇಗ ನೋಡು, ನಗ್ತಿದ್ದಾಳೆ.

ಹೆಂಡತಿ: ಅಯ್ಯೋ ನನ್ನ ಬಂಗಾರ! ಕಾಣ್ತಿದೆ ಕಣೇ! ಹುಬ್ಬು ಕಾಣ್ತಿದೆ, ಜೊಲ್ಲು ಕಾಣ್ತಿದೆ! ಒಂದಲ್ಲ ಕಣೇ ಹಲ್ಲು, ಎರಡು!

ಮಗಳು: ನಿನ್ನೇನೂ ಎರಡೇ ಇತ್ತಲ್ಲಮ್ಮ. ಅಪ್ಪ ಒಂದೇ ಒಂದು ಅಂದ್ರು, ಅವರ ಹತ್ರ ವಾದ ಮಾಡೋದ್ಯಾರು ಅಂತ ಸುಮ್ನಾದೆ.

ಮಾತು ಮುಗಿದ ಮೇಲೂ ಹೆಂಡತಿ ಫೋನನ್ನೇ ನೋಡುತ್ತ ನಿಂತಿದ್ದಳು. ಕಣ್ಣು ತುಂಬಿ ಬಂದಿತ್ತು. ಕಣ್ಣು ಸರಿಯಾಗಿದೆ ಎಂಬ ಸಂತೋಷಕ್ಕೇ ಅಳು ಬಂದದ್ದು. ಅದು ಮುಗಿದದ್ದೇ ಸಿಟ್ಟು ಬಂತು.

ಹೆಂಡತಿ: ಹಾಗಾದ್ರೆ ನಿಮಗೂ ಏನೂ ಕಂಡಿರಲಿಲ್ಲ.

ಗಂಡ: ನೀನು ಕಾಣ್ತು ಅಂದೆ. ನನ್ನೊಬ್ಬನಿಗೇ ಕಾಣಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗುತ್ತೆ?

ಹೆಂಡತಿ: ನಿಮ್ಮ ಮರ್ಯಾದೆ ಉಳಿಸ್ಕೊಳ್ಳಕ್ಕೆ ನನ್ನ ಕಣ್ಣು ಹೋಯ್ತು ಅಂದ್ರಿ! ಬಂದ ಕೆಲಸ ವಾಪಸ್ ಕೊಟ್ಟೆನಲ್ರೀ ನಾನು!

ಮೇಸ್ತ್ರಿಗಳು ತಲೆ ತಗ್ಗಿಸಿ ಕೂತರು. ಕೈ ಮಾತ್ರ ಸುಮ್ಮನಿರಲಿಲ್ಲ. ಕಿತ್ತ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು, ಮೇಲಿನಿಂದ ಕೆಳಕ್ಕೆ, ಒಂದೇ ಕಡೆ, ಒರೆಸುತ್ತಿತ್ತು.

ಗಂಡ: ಏನೇ ಹೇಳು, ಇದರ ಮೇಲೆ ಒಂದು ಬೆರಳಚ್ಚಿಲ್ಲ. ನಿನ್ನ ಗಾಜು ನೋಡು, ಆಗ್ಲೇ ಎಣ್ಣೆ.

ಹೆಂಡತಿ ಅವರ ಕೈಯಿಂದ ಬಟ್ಟೆ ಕಿತ್ತುಕೊಂಡು ಗಾಜಿನ ಮೇಲೆ ಒಮ್ಮೆ ಆಡಿಸಿದಳು. ಎಣ್ಣೆ ಗುರುತಿಲ್ಲದೆ ಹೋಯಿತು. ಆಮೇಲೆ ಯಂತ್ರದ ಹತ್ತಿರ ಹೋಗಿ ಕತ್ತರಿ ಹಿಡಿದುಕೊಂಡು ಬಂದಳು.

ಹೆಂಡತಿ: ಏಳಿ.

ಗಂಡ: ಯಾಕೆ? ಕತ್ತರಿ ಯಾಕೆ?

ಹೆಂಡತಿ: ಹೇಗೂ ಮೊಂಡು ಮಾಡಿಟ್ಟಿದ್ದೀರಲ್ಲ, ಇನ್ನು ಪ್ಲಾಸ್ಟಿಕ್ಕಿಗೇ ಆಗ್ಲಿ. ಏಳಿ ಅಂದೆ! ನಾವು ತಂದ ಸೋಫಾ ಯಾವ ಬಣ್ಣದ್ದು ಅಂತ ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು.