ಬಸುರಿಯ ಸೊಂಟ ಮತ್ತು ದೋಣಿಯ ಗಂಟು

ಬೇರೆಯವರ ಮನೆಗೆ ನೋವು ಬಂದರೆ ಒಂದೇ ಬರುತ್ತದೆ. ನಮ್ಮ ಮನೆಗೆ ಬರುವಾಗ ಮಾತ್ರ ಜೊತೆಗೊಂದು ಫಜೀತಿಯನ್ನೂ ಕರೆದುಕೊಂಡು ಬರುತ್ತದೆ. ನಾನು ಬಸುರಿಯಾಗಿದ್ದಾಗ ನಡೆದದ್ದನ್ನು ಈಗ ನೆನೆದರೆ ಮೊದಲು ನಗು ಬರುತ್ತದೆ. ನಗು ಮುಗಿಯುವ ಹೊತ್ತಿಗೆ ಮನಸ್ಸು ಪಿಚ್ಚೆನ್ನುತ್ತದೆ.

ನಮ್ಮ ಮನೆ ಹೊನ್ನಾವರದಲ್ಲಿ. ಗಂಡ ಬೋಟಿನ ಕೆಲಸಕ್ಕೆ ಹೋಗುತ್ತಾನೆ, ಅತ್ತೆ ಕುಂಟುತ್ತ ಬುಟ್ಟಿ ಹೊತ್ತು ಮೀನು ಮಾರುತ್ತಾರೆ, ನಾನು ಬಸ್ಸು ಹಿಡಿದು ಭಟ್ಕಳದ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ.

೧. ನೆಗಡಿಯಾದ ಬಂಗಡೆ

ಆರನೇ ತಿಂಗಳಿಗೆ ನೋವು ಶುರುವಾಯಿತು. ಒಂದು ಕಾಲೆತ್ತಿದರೆ ಸಾಕು, ಮೈ ಎರಡು ಸೀಳಾದಂತೆ. ಹೊಸ್ತಿಲು ದಾಟುವುದು, ಬಸ್ಸು ಹತ್ತುವುದು, ಮಲಗಿದಲ್ಲಿ ಮಗ್ಗುಲು ಬದಲಿಸುವುದು, ಎಲ್ಲಕ್ಕೂ ಹಲ್ಲು ಕಚ್ಚಬೇಕು. ಆದರೆ ನೋವಿದ್ದದ್ದು ಹೊಟ್ಟೆಯ ಕೆಳಗೆ, ತೊಡೆಗಳು ಕೂಡುವಲ್ಲಿನ ಮೂಳೆಯಲ್ಲಿ. ಆ ಜಾಗದ ಹೆಸರನ್ನು ಬಾಯಿಬಿಟ್ಟು ಹೇಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಅದಕ್ಕೇ ಗಂಡನಿಗೆ ಸೊಂಟ ಎಂದೆ, ಅಂಗಡಿಯ ಮಾಲೀಕರಿಗೆ ಬೆನ್ನು ಎಂದೆ, ಅತ್ತೆಗೆ ಕಾಲು ಎಂದೆ.

ಗಂಡ ಸೊಂಟದ ಮುಲಾಮು ತಂದ. ಮಾಲೀಕರು ದುಬೈಯಿಂದ ಬಂದ ಬಾಮನ್ನು ಮನೆಯಿಂದ ತಂದುಕೊಟ್ಟರು. ಅತ್ತೆ ಮಾತ್ರ ಎಣ್ಣೆ ಬಾಟಲಿ ಮುಂದಿಟ್ಟು, "ನಾವೆಲ್ಲ ಹೆರ್ಲಿಲ್ವಾ? ಇದು ಬರೀ ಸೋಗು" ಎಂದರು.

ಮುಲಾಮಿಗಿಂತ ಆ ಮಾತು ಹೆಚ್ಚು ಉರಿಯಿತು. ಅತ್ತೆ ನಂಬದಿದ್ದರೆ ಆ ಮನೆಯಲ್ಲಿ ನಾನು ಕೂರುವಂತಿಲ್ಲ. ಕೂರದೆ ಹೀಗೇ ಓಡಾಡಿದರೆ ಹೆರಿಗೆಯ ಹೊತ್ತಿಗೆ ನಡೆಯುವುದೇ ನಿಂತುಹೋದೀತು ಎಂಬ ಭಯ ನನಗೆ.

ಅಂತೂ ಮೂರನ್ನೂ ಹಚ್ಚಿದೆ. ನೋವಿದ್ದ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹಚ್ಚಿದೆ. ಮನೆಯ ಗೋಡೆಗೂ ಬಾಮಿನ ವಾಸನೆ ಹತ್ತಿತು. ಮರುದಿನ ಅತ್ತೆಯ ಹತ್ತಿರ ಮೀನು ಕೊಳ್ಳಲು ಬಂದ ಮಾಸ್ತರರೊಬ್ಬರು ಬಂಗಡೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಯೋಚಿಸಿದರಂತೆ. ಆಮೇಲೆ, "ಇದಕ್ಕೆ ನೆಗಡಿ ಆಗಿತ್ತಾ?" ಎಂದು ಕೇಳಿದರಂತೆ.

೨. ಬುಟ್ಟಿ ಎಲ್ಲಿ?

ಕೊನೆಗೆ ತಪಾಸಣೆಯ ದಿನ ಡಾಕ್ಟರಮ್ಮನ ಎದುರು ಅತ್ತುಬಿಟ್ಟೆ. ಬಸುರಿನಲ್ಲಿ ಅಲ್ಲಿನ ಕೀಲುಗಳು ಸಡಿಲವಾಗುತ್ತವೆ, ಬಹಳ ಜನರಿಗೆ ಹೀಗಾಗುತ್ತದೆ, ಮಗುವಿಗೆ ಇದರಿಂದ ತೊಂದರೆಯಿಲ್ಲ, ಹಾಗಂತ ಸುಮ್ಮನೆ ಸಹಿಸಬೇಡ ಎಂದು ಅವರು ಕುಮಟಾದ ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದರು. ಇಷ್ಟು ಸುಲಭದ ಮಾತನ್ನು ಕೇಳಲು ಅಷ್ಟೊಂದು ವಾರ ಕಳೆದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮೇಡಂ ಹೇಳಿದ್ದು ಸಣ್ಣ ಸಣ್ಣ ವಿಷಯ. ಮಲಗುವಾಗ ಮಂಡಿಗಳ ನಡುವೆ ದಿಂಬು. ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಬಾರದು, ಕೂತೇ ಹಾಕಬೇಕು. ಆಟೋದಿಂದ ಇಳಿಯುವಾಗ ಎರಡೂ ಕಾಲು ಜೋಡಿಸಿಕೊಂಡು ಇಡೀ ಮೈ ತಿರುಗಿಸಬೇಕು. ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿಕೊಂಡರೆ ತಿರುಗುವುದು ಸುಲಭ.

ಗಂಡ ಮರುದಿನವೇ ಮೀನಿನ ಬುಟ್ಟಿಯ ಕೆಳಗೆ ಹಾಸುವ ನೀಲಿ ಪ್ಲಾಸ್ಟಿಕ್ಕನ್ನು ತೊಳೆದು ತಂದು ಆಟೋದ ಸೀಟಿಗೆ ಹಾಸಿದ. ಆಟೋದವನ ಮುಖ ಕಪ್ಪಿಟ್ಟಿತು. ಮೀನಿದ್ದರೆ ಮೊದಲೇ ಹೇಳಬೇಕು, ಸೀಟು ವಾಸನೆ ಹಿಡಿಯುತ್ತದೆ, ಮತ್ತೆ ಯಾರೂ ಹತ್ತುವುದಿಲ್ಲ ಎಂದು ಶುರುಮಾಡಿದ. ಹಿಂದೆ ಮುಂದೆಲ್ಲ ಹುಡುಕಿ, "ಬುಟ್ಟಿ ಎಲ್ಲಿ?" ಎಂದ. ನನ್ನ ಗಂಡ ನನ್ನ ಹೊಟ್ಟೆಯ ಕಡೆ ಕೈ ತೋರಿಸಿದ.

೩. ಈಗ ಯಾರನ್ನು ಮಲಗಿಸಲಿ?

ಮೇಡಂ ಸೊಂಟದ ಕೆಳಗೆ ಬಿಗಿಯುವ ಒಂದು ಬೆಲ್ಟನ್ನೂ ಕೊಟ್ಟಿದ್ದರು. ಅದು ಬಿಗಿದಿದ್ದರೆ ಮೂಳೆಗಳು ಒಂದೇ ಕಡೆ ಇವೆ ಎನ್ನಿಸುತ್ತಿತ್ತು. ಮಗುವನ್ನು ಒತ್ತುತ್ತಾಳೆ ಎಂದು ಅತ್ತೆ ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಗೆದೂ ಒಗೆದೂ ಅದರ ಅಂಟುವ ಪಟ್ಟಿ ಅಂಟುವುದನ್ನು ಬಿಟ್ಟಿತು. ಗಂಡನಿಗೆ ಹೇಳಿದೆ. ಅವನು ಕಡಲಿಗೆ ಹೊರಡುವ ಅವಸರದಲ್ಲಿದ್ದ. ಬಲೆಯ ನೈಲಾನ್ ಹುರಿ ತಂದು, ಬೆಲ್ಟಿನ ಮೇಲೆ ಸುತ್ತಿ, ಬೋಟನ್ನು ದಡದ ದಕ್ಕೆಗೆ ಕಟ್ಟುವ ಗಂಟು ಹಾಕಿ ಹೋದ. ಆ ಗಂಟಿನ ಗುಣವೇನೆಂದರೆ ಎಳೆದಷ್ಟೂ ಬಿಗಿಯಾಗುತ್ತದೆ. ಅಂದು ನನಗೆ ತಪಾಸಣೆ ಇತ್ತು, ಜೊತೆಗೆ ಅತ್ತೆ ಬಂದಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾನು ದಕ್ಕೆಗೆ ಕಟ್ಟಿದ ಬೋಟೇ ಆಗಿದ್ದೆ.

ತಪಾಸಣೆಗೆ ಬೆಲ್ಟು ಬಿಚ್ಚಲೆಂದು ನರ್ಸಮ್ಮ ಗಂಟನ್ನು ಉಗುರಿನಿಂದ ಎಳೆದು ನೋಡಿದರು, ಇಕ್ಕಳದಿಂದ ನೋಡಿದರು, ಕೊನೆಗೆ ಕತ್ತರಿ ತಂದರು. ಒಳ್ಳೆಯ ಹುರಿ ಕತ್ತರಿಸಬೇಡಿ ಎಂದು ಅತ್ತೆ ಅವರನ್ನು ಸರಿಸಿ, ನನ್ನೆದುರು ನೆಲಕ್ಕೆ ಕೂತರು. ಎರಡೂ ಹೆಬ್ಬೆರಳಿನಿಂದ ಎಲ್ಲೋ ಒತ್ತಿ ಎಲ್ಲೋ ತಳ್ಳಿದರು. ಗಂಟು ತಾನಾಗಿ ಬಿಚ್ಚಿಕೊಂಡಿತು.

ಆಮೇಲೆ ಏಳಲು ಹೋದವರಿಗೆ ಏಳಲಾಗಲಿಲ್ಲ. ಒಂದು ಕಾಲೆತ್ತಿ ಊರಲು ನೋಡಿದರು, ಮುಖ ಬಿಳಿಚಿಕೊಂಡಿತು. ಕೈ ಸೀದಾ ಹೋದದ್ದು ಹೊಟ್ಟೆಯ ಕೆಳಗಿನ ಅದೇ ಜಾಗಕ್ಕೆ. ಆ ಮುಖ ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೆನಲ್ಲ.

"ಅತ್ತೆ, ನಿಮ್ಗೂ ಇಲ್ಲೇ?" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. "ನಂಗೂ ಎಲ್ರೂ ಸೋಗು ಅಂತಿದ್ರು. ಹೌದೇನೋ ಅಂದ್ಕಂಡಿದ್ದೆ. ನಿಂಗೆ ಹಾಂಗೆ ಹೇಳ್ಬಾರ್ದಿತ್ತು ತಂಗಿ" ಎಂದರು.

ಅವರನ್ನು ಎಬ್ಬಿಸಲು ನಾನು ಬಗ್ಗಿದೆ, ನನಗೂ ಏಳಲಾಗಲಿಲ್ಲ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನೆಲದಲ್ಲೇ ಉಳಿದೆವು. ನರ್ಸಮ್ಮ ಖಾಲಿ ಮಂಚವನ್ನು ನೋಡಿ, "ಈಗ ಯಾರನ್ನು ಮಲಗಿಸಲಿ?" ಎಂದರು.

೪. ಮಾತಾಡಲು ಪುರುಸೊತ್ತು

ಹೆರಿಗೆಯಾಯಿತು, ಹೆಣ್ಣು ಮಗು. ನನ್ನ ನೋವು ನಿಧಾನವಾಗಿ ಇಳಿಯಿತು. ಮಗುವಿಗೆ ಕುತ್ತಿಗೆ ನಿಂತ ಮೇಲೆ ಎಲ್ಲರೂ ಕುಮಟಾಕ್ಕೆ ಹೋದೆವು, ಈ ಸಲ ಅತ್ತೆಯನ್ನು ತೋರಿಸಲು.

ಮೇಡಂ ಅತ್ತೆಯನ್ನು ಮಲಗಿಸಿ, ಕಾಲು ಮಡಿಸಿ ಬಿಡಿಸಿ ಪರೀಕ್ಷೆ ಮಾಡಿದರು. ಆಗಲೇ ತೋರಿಸಿದ್ದರೆ ಬಹುಶಃ ಪೂರ್ತಿ ಹೋಗುತ್ತಿತ್ತು, ಈಗ ವ್ಯಾಯಾಮ ಮಾಡಿದರೆ ಕಡಿಮೆಯಾಗಬಹುದು ಎಂದರು. ನನಗೆ ಸಂಕಟವಾಯಿತು. ಈ ಹೆಂಗಸು ಅಷ್ಟು ವರ್ಷ ಮೀನಿನ ಬುಟ್ಟಿ ಹೊತ್ತು ಮನೆ ಮನೆಯ ಮೆಟ್ಟಿಲು ಹತ್ತಿದ್ದಾರೆ. ಕುಂಟುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ.

ನೋವು ಯಾವಾಗಿನಿಂದ ಎಂದು ಮೇಡಂ ಕೇಳಿದರು. ಅತ್ತೆ ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತಿದ್ದ ನನ್ನ ಗಂಡನನ್ನು ತೋರಿಸಿ, "ಇಂವ ಹೊಟ್ಟೆಲಿದ್ದಾಗಿಂದ" ಎಂದರು.

ಮೇಡಂ ಅವನ ನೆರೆತ ಗಡ್ಡವನ್ನೇ ನೋಡಿದರು. ಅವನ ಕಣ್ಣು ತುಂಬಿತು. "ಇಷ್ಟು ವರ್ಷ ನಂಗೆ ಎಂತಕ್ಕೆ ಹೇಳ್ಲಿಲ್ಲ ಅಮ್ಮ?" ಎಂದ.

"ಹೇಳೂದು ಯಾವಾಗ? ಹುಟ್ದ ಕೂಡ್ಲೆ ನೀ ಅಳೂಕೆ ಶುರು ಮಾಡ್ದೆ. ನಂಗೆ ಮಾತಾಡೂಕೆ ಪುರ್ಸೊತ್ತು ಎಲ್ಲಿ ಸಿಕ್ತು?"

ಅಷ್ಟರಲ್ಲಿ ಮಗು ಕಿರುಚಿ ಅಳತೊಡಗಿತು. ಅವನು ಅದನ್ನು ಎದೆಗವಚಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಒಳಗೆ ಅತ್ತೆ ಮಾತು ಮುಂದುವರಿಸಿದರು.